ಪುಟ್ಟತ್ತೆಯ ಕೈಗೆ ನಾನು ಕೊಟ್ಟದ್ದು

ಕೊಳ್ಳೇಗಾಲದ ನಮ್ಮ ಮನೆಗೆ ಎರಡು ಬಾಗಿಲುಗಳಿದ್ದವು. ಬೀದಿ ಬಾಗಿಲಿನಿಂದ ಒಳಗೆ ಬಂದರೆ ನಡುಮನೆ. ಅಲ್ಲಿ ಕೈಗಳಿರುವ ಅಪ್ಪನ ಕುರ್ಚಿ, ಸಾಲಾಗಿ ದೇವರ ಪಟಗಳು, ಅಮ್ಮ ತಾನೇ ಹೂ ಹೊಲಿದು ರೇಡಿಯೋಗೆ ಹೊದಿಸಿದ್ದ ಬಟ್ಟೆ. ಹಿತ್ತಿಲ ಬಾಗಿಲಿನಿಂದ ಹೊರಗೆ ಹೋದರೆ ತಗಡಿನ ಮಾಡು, ಅದರ ಕೆಳಗೆ ಮಣ್ಣಿನ ಒಲೆ, ಒಲೆಯ ಮೇಲೆ ಅಗಲವಾದ ಬಾಣಲೆ, ಪಕ್ಕದಲ್ಲಿ ನೂಲು ಸುತ್ತುವ ರಾಟೆ. ಹನೂರಿನ ಕಡೆಯಿಂದ, ಅಗರದಿಂದ ಗೋಣಿಚೀಲಗಳಲ್ಲಿ ಬಂದ ಹಳದಿ ರೇಷ್ಮೆ ಗೂಡುಗಳು ಆ ಬಾಣಲೆಯಲ್ಲಿ ಬೇಯುತ್ತಿದ್ದವು. ಗೂಡಿನೊಳಗೆ ಹುಳವೂ ಬೇಯುತ್ತಿತ್ತು. ರೇಷ್ಮೆ ಸೀರೆ ಉಟ್ಟವರಿಗೆ ಆ ವಾಸನೆ ಗೊತ್ತಿರುವುದಿಲ್ಲ. ಅದನ್ನು ಕೆಟ್ಟ ವಾಸನೆ ಎಂದಷ್ಟೇ ಹೇಳಿದರೆ ಸಾಲದು, ಅದು ಬಟ್ಟೆಗೆ ಹತ್ತುತ್ತದೆ, ಕೂದಲಿಗೆ ಹತ್ತುತ್ತದೆ, ಮುಚ್ಚಿಟ್ಟ ರಾಗಿಹಿಟ್ಟಿನ ಡಬ್ಬಿಯೊಳಕ್ಕೂ ಇಳಿಯುತ್ತದೆ. ಎರಡು ಬಾಗಿಲುಗಳ ನಡುವೆ ಇಪ್ಪತ್ತು ಹೆಜ್ಜೆ ಇತ್ತು. ಆ ಇಪ್ಪತ್ತು ಹೆಜ್ಜೆಯನ್ನು ಯಾರಿಗೂ ತೋರಿಸದೆ ಬೆಳೆಯುವುದೇ ನನ್ನ ಬಾಲ್ಯದ ದೊಡ್ಡ ಕೆಲಸವಾಗಿತ್ತು. ಯೂನಿಫಾರ್ಮನ್ನು ನಾನು ನಡುಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ, ಕಾಗದ ಬಿಚ್ಚದ ಸೋಪಿನ ಜೊತೆ ಇಡುತ್ತಿದ್ದೆ. ಸ್ಕೂಲಿಗೆ ಹೊರಡುವ ಕೊನೆಯ ಗಳಿಗೆಯಲ್ಲಿ ತೆಗೆದು ಹಾಕಿಕೊಂಡು, ಬೀದಿ ಬಾಗಿಲಿನಿಂದ ಓಡಿಬಿಡುತ್ತಿದ್ದೆ.

ಬಾಣಲೆಯ ಮುಂದೆ ಕೂರುತ್ತಿದ್ದವಳು ಪುಟ್ಟತ್ತೆ, ಅಪ್ಪನ ಕೊನೆಯ ತಂಗಿ. ಅವಳನ್ನು ಹನೂರಿಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಒಂದು ಕೈಚೀಲ ಹಿಡಿದು ಅಣ್ಣನ ಮನೆಗೆ ಬಂದಳು, ಬಂದ ಮಾರನೆಯ ದಿನವೇ ಒಲೆಯ ಮುಂದೆ ಕುಳಿತಳಂತೆ. ಕೂತುಕೋ ಎಂದು ಯಾರೂ ಹೇಳಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕುದಿಯುವ ನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹುಡುಕಿ, ಏಳೆಂಟು ಗೂಡುಗಳ ಎಳೆ ಸೇರಿಸಿ ರಾಟೆಗೆ ಕೊಡಬೇಕು. ಎಳೆ ಹರಿದರೆ ಮತ್ತೆ ಬೆರಳು ನೀರಿಗೆ. ಅವಳ ಬೆರಳುಗಳು ನೆನೆದ ಅವಲಕ್ಕಿಯ ಬಣ್ಣಕ್ಕೆ ತಿರುಗಿದ್ದವು. ತುದಿಗಳಲ್ಲಿ ನಮಗೆಲ್ಲ ಇರುವ ಸಣ್ಣ ಗೆರೆಗಳು ಅಳಿಸಿಹೋಗಿ, ಚರ್ಮ ಬಾಳೆಯ ಎಳೆ ಎಲೆಯ ಹಾಗೆ ನುಣ್ಣಗಿತ್ತು. ಸ್ಟೀಲ್ ಲೋಟ ಜಾರುತ್ತಿತ್ತು, ಅದಕ್ಕೆ ಸೆರಗು ಸುತ್ತಿ ಹಿಡಿಯುತ್ತಿದ್ದಳು. ದಿನಾ ಬೆಳಿಗ್ಗೆ ನನಗೆ ಜಡೆ ಹಾಕುತ್ತಿದ್ದವಳು ಅವಳೇ. ಹುಣಸೆಹಣ್ಣು, ಬೂದಿ, ಸೋಪು ಮೂರರಲ್ಲೂ ಕೈ ತೊಳೆದು, ಕೊಬ್ಬರಿ ಎಣ್ಣೆ ಸವರಿಕೊಂಡು ಬರುತ್ತಿದ್ದಳು. ಟೇಪು ಬೆರಳಲ್ಲಿ ನಿಲ್ಲದೆ ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಳು. ನಾನು ಉಸಿರು ಹಿಡಿದು ಕೂರುತ್ತಿದ್ದೆ. ಅವಳಿಗೆ ಅದು ಗೊತ್ತಾಗುತ್ತಿತ್ತೋ ಏನೋ, ಜಡೆಯನ್ನು ಬಹಳ ಬೇಗ ಮುಗಿಸುತ್ತಿದ್ದಳು.

ಮನೆಯಲ್ಲಿ ಜಗಳವೆಂದರೆ ಸೋಪಿನದು. ಸೋಪು ವಾರಕ್ಕೆ ಮುಂಚೆಯೇ ಕರಗುತ್ತದೆಂದು ಅಮ್ಮ ಬಚ್ಚಲಿನಿಂದಲೇ ಶುರುಮಾಡುತ್ತಿದ್ದಳು. ಒಂದು ದಿನ, ಈ ಮನೆಯಲ್ಲಿ ಸೋಪನ್ನು ತಿನ್ನುವವರಿದ್ದಾರೆ ಎಂದು ನಮಗೆಲ್ಲ ಕೇಳುವಂತೆ ಹೇಳಿದಳು. ಪುಟ್ಟತ್ತೆ ಬಾಣಲೆಯಿಂದ ತಲೆ ಎತ್ತಲಿಲ್ಲ.

"ತಿಂದ್ರ ವಾಸ್ನ ಓಯ್ತದ ಅನ್ನಂಗಿದ್ರ ತಿಂದ್ಬುಡ್ತೀನಿ ಕಣತ್ಗಮ್ಮ. ಒಂದ್ ಉಂಡ ಮುದ್ದ ಜೊತಗ ಇಕ್ಕು."

ರಾಟೆ ತಿರುಗಿಸುತ್ತಿದ್ದ ಹೆಂಗಸು ನಕ್ಕುಬಿಟ್ಟಳು. ಅಮ್ಮನಿಗೂ ನಗು ತಡೆಯಲಾಗಲಿಲ್ಲ. ಪುಟ್ಟತ್ತೆ ಹಾಗೆ, ಎದುರು ಮಾತಾಡದೆಯೇ ಜಗಳ ಮುಗಿಸುತ್ತಿದ್ದಳು. ಅವಳಿಗೆ ಇನ್ನೊಂದು ವಿದ್ಯೆ ಇತ್ತು, ಗುರಿ. ಚಿಕ್ಕವಳಿದ್ದಾಗ ಅಗರದ ಅಜ್ಜಿಯ ಜೋಳದ ಹೊಲದಲ್ಲಿ ಕವಣೆ ಹಿಡಿದು ಹಕ್ಕಿ ಓಡಿಸಿದವಳು. ಒಣಗಲು ಹಾಕಿದ ಗೂಡಿಗೆ ಕಾಗೆ ಬಂದರೆ ಕೂತಲ್ಲಿಂದಲೇ ಒಂದು ಕಲ್ಲು ಒಗೆಯುತ್ತಿದ್ದಳು. ಕಲ್ಲು ಕಾಗೆಗೆ ತಾಗದೆ, ಅದರ ಕಾಲಿನ ಪಕ್ಕ ಒಂದು ಗೇಣು ದೂರದಲ್ಲಿ ಬೀಳುತ್ತಿತ್ತು. ತಾಗಿಸಬಾರದು ಎಂಬುದು ಅವಳ ಲೆಕ್ಕ. ಪ್ರತಿ ಸಲವೂ ಅದೇ ಒಂದು ಗೇಣು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಕೇಳಿದವರಿಗೆ ಸಿಲ್ಕ್ ಬಿಸಿನೆಸ್ ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಹುಡುಗಿಯರು ಗಾಜಿನ ಬೀರುಗಳಿರುವ ಸೀರೆ ಅಂಗಡಿಯನ್ನು ನೆನೆಸಿಕೊಂಡರೆ ಅದು ಅವರ ಪಾಡು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಯಾರೋ ದಾನಿಗಳು ಸ್ಕೂಲಿಗೆ ಆಟದ ಸಾಮಾನು ಕಳಿಸಿದರು. ಅದರಲ್ಲಿ ಪುಟ್ಟ ಬಾಣಗಳನ್ನು ಗುರಿಯಿಟ್ಟು ಎಸೆಯುವ ಒಂದು ಡಾರ್ಟ್ ಬೋರ್ಡು ಇತ್ತು, ಬಿಸ್ಕತ್ ಡಬ್ಬಿಯ ತುಂಬ ಡಾರ್ಟಿನ ಬಿಡಿಭಾಗಗಳಿದ್ದವು. ಆಟ ನೋಡಿಕೊಳ್ಳುತ್ತಿದ್ದವರು ಸಿಸ್ಟರ್ ಆಗ್ನೆಸ್, ಮಂಗಳೂರಿನ ಕಡೆಯವರು, ಪುಸ್ತಕದ ಹಾಗೆ ಕನ್ನಡ ಮಾತಾಡುತ್ತಿದ್ದರು. ಡಾರ್ಟಿಗೆ ಮೊನೆ, ಹಿಂದೆ ಒಂದು ಕಡ್ಡಿ, ಕಡ್ಡಿಗೆ ರೆಕ್ಕೆ, ನಡುವೆ ನಾವು ಬೆರಳಲ್ಲಿ ಹಿಡಿಯುವ ಹಿತ್ತಾಳೆಯ ಭಾಗ. ಅದಕ್ಕೆ ಬ್ಯಾರಲ್ ಎನ್ನುತ್ತಾರೆ ಎಂದು ಅವರೇ ಹೇಳಿಕೊಟ್ಟರು. ಉಳಿದದ್ದೆಲ್ಲ ಯಾವುದಾದರೂ ನಡೆಯುತ್ತದೆ, ಹೊಸಬರಿಗೆ ಬ್ಯಾರಲ್ ಮಾತ್ರ ಸರಿಯಾಗಿರಬೇಕು. ತೀರ ಹಗುರವಾದರೆ ಗಾಳಿಯಲ್ಲಿ ತೂಗಾಡುತ್ತದೆ, ತೀರ ಭಾರವಾದರೆ ಅರ್ಧದಲ್ಲೇ ತಲೆ ಬಗ್ಗಿಸುತ್ತದೆ. ಸಣ್ಣ ಬೆರಳಿನವರಿಗೆ ತೆಳುವಾದ, ನೇರವಾದ ಬ್ಯಾರಲ್. ಎಲ್ಲಿ ಹಿಡಿಯಬೇಕೆಂದು ತಿಳಿಯದವರಿಗೆ ಮುಂದೆ ಸ್ವಲ್ಪ ಹೊಟ್ಟೆ ಇರುವ ಬ್ಯಾರಲ್, ಬೆರಳು ತಾನಾಗಿ ಆ ಉಬ್ಬಿನ ಹಿಂದೆ ಹೋಗಿ ಕೂರುತ್ತದೆ. ಕೈ ಬೆವರುವವರಿಗೆ, ಕೈ ಜಾರುವವರಿಗೆ ಮೈತುಂಬ ಅರದ ಹಾಗೆ ತರಿ ಇರುವ ದಪ್ಪ ಬ್ಯಾರಲ್. ಬೆರಳು ಒಣಗಿ ಒರಟಾಗಿದ್ದರೆ ನುಣುಪಿನದು, ಇಲ್ಲವಾದರೆ ಬಿಡುವಾಗ ಅಂಟುತ್ತದೆ. "ಒಳ್ಳೆಯ ಬ್ಯಾರಲ್ ಎಂಬುದು ಇಲ್ಲ, ಸರೋಜಾ. ಈ ಕೈಗೆ ಒಳ್ಳೆಯದು, ಆ ಕೈಗೆ ಒಳ್ಳೆಯದು, ಅಷ್ಟೇ ಇರುವುದು," ಎಂದರು ಸಿಸ್ಟರ್.

ನಾನು ಅಂಥ ಒಳ್ಳೆಯ ಆಟಗಾತಿಯಲ್ಲ. ಆದರೆ ಕೈಗಳನ್ನು ನೋಡುವುದು ನನಗೆ ಬರುತ್ತಿತ್ತು. ಯಾವ ಹುಡುಗಿ ಉಗುರು ಕಚ್ಚುತ್ತಾಳೆ, ಯಾರ ಹೆಬ್ಬೆರಳು ಹಿಂದಕ್ಕೆ ಬಾಗುತ್ತದೆ, ಯಾರು ಪೆನ್ಸಿಲನ್ನು ಒತ್ತಿ ಹಿಡಿದು ಬೆರಳಲ್ಲಿ ಗಂಟು ಮಾಡಿಕೊಂಡಿದ್ದಾರೆ, ಎಲ್ಲ ಕಣ್ಣಿಗೆ ಬೀಳುತ್ತಿತ್ತು. ಮನೆಯಲ್ಲಿ ದಿನಾ ಒಂದು ಜೊತೆ ಕೈಯನ್ನು ಹೆದರಿ ಹೆದರಿ ನೋಡಿದ್ದರಿಂದ ಬಂದ ಅಭ್ಯಾಸವಿರಬೇಕು. ಹೊಸದಾಗಿ ಆಡಲು ಬಂದವಳ ಅಂಗೈ ಒಮ್ಮೆ ನೋಡಿ ಡಬ್ಬಿಯಿಂದ ಮೂರು ಬ್ಯಾರಲ್ ತೆಗೆದು ಮೊನೆ, ಕಡ್ಡಿ, ರೆಕ್ಕೆ ಸಿಕ್ಕಿಸಿ ಕೊಡುತ್ತಿದ್ದೆ. ತಪ್ಪಿದ್ದು ಕಡಿಮೆ. ಕೆಲವೇ ವಾರಗಳಲ್ಲಿ ಸಿಸ್ಟರ್ ಡಬ್ಬಿಯನ್ನು ನನ್ನ ವಶಕ್ಕೆ ಕೊಟ್ಟರು. ನನ್ನ ಬದುಕಿನಲ್ಲಿ ನನಗೆ ಮೊದಲು ಸಿಕ್ಕ ಅಧಿಕಾರ ಅದು.

ಒಂದು ಸಂಜೆ ಮೋಡ ಕವಿದಿತ್ತು. ಪುಟ್ಟತ್ತೆ ಕೊಡೆ ಹಿಡಿದು ನನ್ನನ್ನು ಕರೆಯಲು ಸ್ಕೂಲಿಗೆ ಬಂದಳು. ಹಿಂದೆಂದೂ ಬಂದವಳಲ್ಲ. ಆಟದ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, ಬೋರ್ಡಿನ ಕಡೆ ನೋಡುತ್ತಿದ್ದಳು. ಸಿಸ್ಟರ್ ಒಳಗೆ ಕರೆದರು, ಎಸೆದು ನೋಡಿ ಎಂದರು. ಒಲ್ಲೆ ಒಲ್ಲೆ ಎಂದಳು. ಅವರು ಬಿಡದೆ ಕೈಗೆ ಸಿಕ್ಕ ಒಂದು ಡಾರ್ಟು ಕೊಟ್ಟರು. ಅದು ನುಣುಪಿನದು. ಬೆರಳಿನಿಂದ ಜಾರಿ ಅವಳ ಕಾಲ ಬಳಿಯೇ ಬಿತ್ತು. ಆಗ ನಾನು ಏನೂ ಯೋಚಿಸದೆ, ಹೊಸ ಹುಡುಗಿಗೆ ಕೊಡುವ ಹಾಗೆಯೇ, ಡಬ್ಬಿಯಲ್ಲಿದ್ದ ಅತ್ಯಂತ ಒರಟಾದ ದಪ್ಪ ಬ್ಯಾರಲಿನ ಮೂರು ಡಾರ್ಟು ತೆಗೆದು ಅವಳ ಅಂಗೈಯಲ್ಲಿಟ್ಟೆ. ಮೊದಲನೆಯದು ನಡುವಿನ ಕೆಂಪು ಬೊಟ್ಟಿನ ಪಕ್ಕ ನಿಂತಿತು. ಎರಡನೆಯದು ಅದಕ್ಕೆ ತಾಗಿಕೊಂಡು. ಮೂರನೆಯದು ಬೊಟ್ಟಿನೊಳಗೆ. ಮೊದಲು ಜಾರಿದ್ದು ಅಭ್ಯಾಸವಿಲ್ಲದ್ದಕ್ಕೆ ಎಂದು ಪುಟ್ಟತ್ತೆ ಅಂದುಕೊಂಡಳು. ಅವಳ ಕಣ್ಣಿಗೆ ಎಲ್ಲವೂ ಹಿತ್ತಾಳೆಯ ಕಡ್ಡಿಗಳೇ. ವ್ಯತ್ಯಾಸ ಗೊತ್ತಿದ್ದವರು ಆ ಕೋಣೆಯಲ್ಲಿ ಇಬ್ಬರೇ, ಸಿಸ್ಟರ್ ಮತ್ತು ನಾನು.

ಸಿಸ್ಟರ್ ಅವಳನ್ನು ಬೆಂಚಿನ ಮೇಲೆ ಕೂರಿಸಿ ಮನೆ, ಕೆಲಸ ಎಲ್ಲ ವಿಚಾರಿಸಿದರು. ಅವಳ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಆಟದ ಕೋಣೆ ನೋಡಿಕೊಂಡು, ಹಾಸ್ಟೆಲಿನ ಚಿಕ್ಕ ಮಕ್ಕಳ ಜೊತೆ ಇರಲು ಒಬ್ಬ ಹೆಂಗಸು ಬೇಕಾಗಿದ್ದಾಳೆ, ಊಟ, ಸಂಬಳ, ಇರಲು ಒಂದು ಕೋಣೆ ಎಲ್ಲ ಸಿಗುತ್ತದೆ ಎಂದರು. ಓದುಬರಹ ಇಲ್ಲದವರನ್ನು ಹೆಡ್‌ಮಿಸ್ಟ್ರೆಸ್ ಸುಲಭಕ್ಕೆ ಒಪ್ಪುವುದಿಲ್ಲ. ಮುಂದಿನ ತಿಂಗಳು ಪೇರೆಂಟ್ಸ್ ಡೇಯಲ್ಲಿ ತಾಯಂದಿರಿಗೆ ಡಾರ್ಟ್ ಇಟ್ಟಿದ್ದೇವೆ, ಬಂದು ಅವರ ಎದುರಿಗೆ ಹೀಗೇ ಎಸೆಯಿರಿ, ಆಮೇಲೆ ಮಾತಾಡುವ ಜವಾಬ್ದಾರಿ ನನ್ನದು ಎಂದರು.

ಆ ದಿನ ಊಟದ ಹೊತ್ತಿಗೆ ಪುಟ್ಟತ್ತೆ ಅಪ್ಪನ ತಟ್ಟೆಗೆ ಮುದ್ದೆ ಇಟ್ಟು, ಬಸ್ಸಾರು ಬಿಟ್ಟು, ಅಲ್ಲೇ ನಿಂತಳು. ಸಿಸ್ಟರ್ ಹೇಳಿದ ಕೆಲಸದ ಮಾತನ್ನು ತಡವರಿಸುತ್ತ ಹೇಳಿದಳು. ಅಮ್ಮ ಬಾಣಲೆಗೆ ಯಾರು ಎಂದು ಕೇಳಬಹುದೆಂದು ನಾನು ಕಾದೆ. ಅಮ್ಮ ಕೇಳಲಿಲ್ಲ. ಉಡಲು ತನ್ನ ಕೆಂಪಂಚಿನ ಸೀರೆ ಕೊಡುತ್ತೇನೆ ಎಂದಳು. ಅಪ್ಪ ಮುದ್ದೆ ಮುರಿಯುತ್ತ, ತಲೆ ಎತ್ತದೆ ಹೇಳಿದರು.

"ಓಗವ್ವ. ಇನ್ನೆಷ್ಟ್ ದಿವ್ಸ ಅಂತ ಬಿಸ್ನೀರ್ನಲ್ಲಿ ಕೈ ಇಕ್ಕಂಡಿದ್ದೀಯೆ. ನಾ ಯಾರ್ನಾರ ನೋಡ್ಕತೀನಿ."

ಪುಟ್ಟತ್ತೆ ಒಳಗೆ ಹೋದಳು. ಅಡುಗೆಮನೆಯ ಕತ್ತಲ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದುದು ನನಗೆ ಮಾತ್ರ ಕಂಡಿತು. ಹೀಗೆ ಮನೆಯವರೆಲ್ಲ ದಾರಿ ಬಿಟ್ಟಿದ್ದರು. ಬಿಡದವಳು ನಾನೊಬ್ಬಳೇ, ಅದು ಯಾರಿಗೂ ಗೊತ್ತಿರಲಿಲ್ಲ. ಅವಳು ದಿನಾ ಸ್ಕೂಲಿನಲ್ಲಿರುತ್ತಾಳೆ. ಎಲ್ಲರ ಎದುರಿಗೆ ನನ್ನನ್ನು ಕೂಸು ಎಂದು ಕರೆಯುತ್ತಾಳೆ. ಬಾಣಲೆ ಬಿಟ್ಟರೂ ಬಾಣಲೆಯ ಮಾತು ಬಿಡುತ್ತಾಳೆಯೇ? ಆ ಸಂಜೆ ಅವಳು ಕೋಣೆಯಿಂದ ಹೊರಗೆ ಹೋದ ಮೇಲೆ ನನ್ನ ಪಕ್ಕದ ಬೆಂಚಿನ ಹುಡುಗಿ ಮೂಗು ಹಿಡಿದುಕೊಂಡು, ನಿಮ್ಮತ್ತೆ ಹೋದಮೇಲೂ ಇಲ್ಲೇ ಇದ್ದಾರಲ್ಲೇ ಎಂದಿದ್ದಳು. ನಾಲ್ಕು ಹುಡುಗಿಯರು ನಕ್ಕಿದ್ದರು. ಮೊದಲು ನಕ್ಕವಳು ನಾನು.

ಪೇರೆಂಟ್ಸ್ ಡೇ ಬಂತು. ಹಿಂದಿನ ದಿನವೇ ಹೆಚ್ಚು ಗೂಡು ಬಂದಿತ್ತು. ಬೇಯಿಸಿದ ಗೂಡನ್ನು ಅರ್ಧಕ್ಕೆ ಬಿಟ್ಟು ಏಳುವ ಹಾಗಿಲ್ಲ, ಬಿಟ್ಟರೆ ಎಳೆ ಕೆಡುತ್ತದೆ. ಪುಟ್ಟತ್ತೆ ಬೆಳಕು ಹರಿಯುವ ಮೊದಲೇ ಕೂತು ಹತ್ತು ಗಂಟೆಯವರೆಗೂ ಬಿಚ್ಚಿ ಮುಗಿಸಿ, ಮೂರು ಸಲ ತಲೆಗೆ ನೀರು ಹಾಕಿಕೊಂಡು ಬಂದಳು. ಅಮ್ಮನ ಸೀರೆ ಉಟ್ಟಿದ್ದಳು, ಕನಕಾಂಬರ ಮುಡಿದಿದ್ದಳು. ಕೈಗಳಿಗೆ ಮೊಣಕೈವರೆಗೂ ಪೌಡರು ಹಚ್ಚಿದ್ದಳು. ವಾಸನೆಯಿಂದ ನನಗೆ ಮುಜುಗರವಾಗಬಾರದೆಂದು ಹಾಗೆ ಮಾಡಿದ್ದಾಳೆಂದು ನೋಡಿದ ಕೂಡಲೇ ಅರ್ಥವಾಯಿತು. ಅರ್ಥವಾದ ಮೇಲೂ ನಾನು ಮಾಡಿದ್ದನ್ನೇ ಮಾಡಿದೆ.

ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬ್ಯಾರಲುಗಳನ್ನು ಸಾಲಾಗಿ ಜೋಡಿಸಿದ್ದೆ. ಹನ್ನೆರಡು ಜನ ತಾಯಂದಿರು. ಒಬ್ಬೊಬ್ಬರ ಕೈ ನೋಡಿ ಮೂರು ಮೂರು ಕೊಡುತ್ತಾ ಬಂದೆ. ಮಧುವನಹಳ್ಳಿಯ ಒಬ್ಬ ತಾಯಿಗೆ ಬಳೆಗಳ ಭಾರಕ್ಕೆ ಮುಂಗೈ ಬಾಗುತ್ತಿತ್ತು, ಹಗುರವಾದದ್ದು ಕೊಟ್ಟೆ. ಟೀಚರಾಗಿದ್ದ ಒಬ್ಬ ತಾಯಿಯ ಬೆರಳು ಸೀಮೆಸುಣ್ಣದ ಹಾಗೆ ಒಣಗಿತ್ತು, ನುಣುಪಿನದು ಕೊಟ್ಟೆ. ಒಬ್ಬರಿಗೂ ತಪ್ಪಾದದ್ದು ಕೊಡಲಿಲ್ಲ. ತರಿ ಇರುವ ದಪ್ಪ ಬ್ಯಾರಲುಗಳು ಮೇಜಿನ ಮೇಲಿರಲಿಲ್ಲ. ನನ್ನ ಎಡಗೈಯ ಕೆಳಗೆ, ಕರ್ಚೀಫಿನಲ್ಲಿದ್ದವು. ಪುಟ್ಟತ್ತೆಯ ಸರದಿ ಬಂತು. ನನ್ನ ಮುಂದೆ ನಿಂತು ಎರಡೂ ಕೈ ಚಾಚಿದಳು, ಪ್ರಸಾದಕ್ಕೆ ಚಾಚುವ ಹಾಗೆ. ನಾನು ಆ ಕೈಯನ್ನು ನೋಡಿದೆ. ಅಷ್ಟು ಸರಿಯಾಗಿ ನಾನು ಯಾವ ಕೈಯನ್ನೂ ಎಂದೂ ನೋಡಿಲ್ಲ. ಆಮೇಲೆ ಮೇಜಿನ ಮೇಲಿದ್ದುದರಲ್ಲಿ ಅತ್ಯಂತ ತೆಳುವಾದ, ಅತ್ಯಂತ ನುಣುಪಾದ ಮೂರನ್ನು ಆರಿಸಿ ಕೊಟ್ಟೆ.

"ಇದೇಯಾ ಕೂಸು?" ಎಂದಳು.

"ಇದೇ ಅತ್ತೆ. ನಿಮಗೆ ಇದೇ ಸರಿ," ಎಂದೆ.

ಮೊದಲನೆಯದು ಬಿಡುವ ಮುಂಚೆಯೇ ಜಾರಿ ಗೋಡೆಗೆ ಹೋಗಿ ಬಡಿಯಿತು. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡಳು. ಎರಡನೆಯದು ಗಾಳಿಯಲ್ಲಿ ಮಗುಚಿ ಬಾಲದ ಕಡೆಯಿಂದ ಬೋರ್ಡಿಗೆ ತಾಗಿ ಬಿತ್ತು. ಯಾರೋ ಪಾಪ ಎಂದರು. ಮೂರನೆಯದನ್ನು ಬಹಳ ಹೊತ್ತು ಹಿಡಿದು ನಿಂತಳು. ಬೆರಳುಗಳು ಬ್ಯಾರಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ಹೋಗುತ್ತಿದ್ದವು, ನೀರಿನಲ್ಲಿ ಎಳೆಯ ತುದಿ ಹುಡುಕುವ ಹಾಗೆ. ಎಸೆದಾಗ ಅದು ಅವಳ ಮುಂದೆ ಒಂದು ಮಾರು ದೂರದಲ್ಲಿ ನೆಲಕ್ಕೆ ಬಿದ್ದು ಉರುಳಿತು. ಹೆಡ್‌ಮಿಸ್ಟ್ರೆಸ್ ಎಲ್ಲರಿಗೂ ತಟ್ಟಿದ ಹಾಗೆ ಅವಳಿಗೂ ನಾಲ್ಕು ಚಪ್ಪಾಳೆ ತಟ್ಟಿದರು. ಪುಟ್ಟತ್ತೆ ಬಗ್ಗಿ ಮೂರನ್ನೂ ಆರಿಸಿ, ಧೂಳು ಒರೆಸಿ, ತಂದು ನನ್ನ ಕೈಗೇ ಕೊಟ್ಟಳು. ಎಲ್ಲ ಮುಗಿದ ಮೇಲೆ ಸಿಸ್ಟರ್ ಮೇಜಿನ ಬಳಿ ಬಂದು, ನಿಮ್ಮತ್ತೆಗೆ ಯಾವುದನ್ನು ಕೊಟ್ಟೆ ಎಂದು ಕೇಳಿದರು. ತರಿ ಇರೋದು ಸಿಸ್ಟರ್ ಎಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಮುಂದಿನ ವರ್ಷ ಅವರಿಗೆ ಬೇರೆ ಊರಿಗೆ ವರ್ಗವಾಯಿತು.

ಮನೆಗೆ ನಾವಿಬ್ಬರೂ ನಡೆದೇ ಬಂದೆವು. ಬಸ್ ಸ್ಟ್ಯಾಂಡ್ ದಾಟುವವರೆಗೂ ಬೈಯಲಿ ಎಂದು ನಾನು ಕಾಯುತ್ತಿದ್ದೆ. ಬೈದರೆ ಎಲ್ಲ ಸರಿಹೋಗುತ್ತದೆ ಅನ್ನಿಸುತ್ತಿತ್ತು.

"ಬೆಳಿಗ್ಗ ಬೇಯ್ಸಿದ್ ಗೂಡ ಬುಟ್ಟೇಳಕ ಆಗ್ನಿಲ್ಲ ಕೂಸು," ಎಂದಳು. "ಕೈ ಸತ್ತೋಗಿತ್ತು. ಅಷ್ಟ್ ಜನದ್ ಮುಂದ ನಿಂಗ ನಾ ಅವ್ಮಾನ ಮಾಡ್ಬುಟ್ಟಿ. ಮನ್ಸಿಗಾಕಬ್ಯಾಡ."

ಪರವಾಗಿಲ್ಲ ಬಿಡಿ ಅತ್ತೆ ಎಂದೆ. ನಾನು ಅವಳನ್ನು ಕ್ಷಮಿಸಿದೆ. ಈ ವಾಕ್ಯವನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಸುಳ್ಳು ಅಲ್ಲಿಗೇ ನಿಂತಿದ್ದರೆ ಬೇರೆ ಮಾತು. ಅದು ಅವಳ ಮೈಯೊಳಗೆ ಇಳಿಯಿತು. ನನ್ನ ಕೈ ಹೋಯ್ತು ಎನ್ನುವುದು ಅವಳ ಮಾತಾಯಿತು. ಎಳೆ ಹರಿದರೆ ಕೈ ಹೋಯ್ತು, ಲೋಟ ಬಿದ್ದರೆ ಕೈ ಹೋಯ್ತು. ಕಾಗೆ ಬಂದರೆ ಎದ್ದುಹೋಗಿ ಸೆರಗು ಬೀಸಿ ಓಡಿಸುತ್ತಿದ್ದಳು, ಕಲ್ಲು ಎತ್ತಿಕೊಳ್ಳಲಿಲ್ಲ. ಆಟದ ಕೋಣೆಗೆ ಬೇರೆ ಯಾರೋ ಬಂದರು. ಪುಟ್ಟತ್ತೆ ಇನ್ನೂ ಹತ್ತೊಂಬತ್ತು ವರ್ಷ ಅದೇ ಬಾಣಲೆಯ ಮುಂದೆ ಕೂತಳು. ನಾನು ಓದಿದೆ, ಮದುವೆಯಾಗಿ ಯಳಂದೂರಿಗೆ ಬಂದೆ, ಮಕ್ಕಳಾದವು. ರಜಕ್ಕೆ ತವರಿಗೆ ಹೋದಾಗಲೆಲ್ಲ ಇವತ್ತು ಹೇಳಬೇಕು ಎಂದುಕೊಂಡು ಹೋಗುತ್ತಿದ್ದೆ. ಅವಳು ನನ್ನ ಮಗಳಿಗೆ ಜಡೆ ಹಾಕುತ್ತ, ಟೇಪನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಿದ್ದಳು. ಹೇಳದೆ ಬಸ್ ಹತ್ತುತ್ತಿದ್ದೆ.

ಅಪ್ಪ ಅಮ್ಮ ಹೋದ ಮೇಲೆ ಪುಟ್ಟತ್ತೆಯನ್ನು ನಮ್ಮ ಮನೆಗೆ ಕರೆತಂದೆವು. ನೋಡಿದವರು ನನ್ನನ್ನು ದೊಡ್ಡ ಮನಸ್ಸಿನವಳು ಎನ್ನುತ್ತಾರೆ. ನಾನು ಕಾಫಿ ತರುವ ನೆಪ ಮಾಡಿ ಒಳಗೆ ಎದ್ದು ಹೋಗುತ್ತೇನೆ. ಇಲ್ಲಿ ರೇಷನ್ ಅಂಗಡಿಯ ಮಿಷನ್ನು ಅವಳ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಹತ್ತೂ ಬೆರಳು ಒತ್ತಿಸಿ ನೋಡಿದರು, ಒಂದೂ ಹತ್ತಲಿಲ್ಲ. ಅವಳು ಅಂಗಡಿಯವನಿಗೇ ಸಮಾಧಾನ ಹೇಳಿದಳು, ಈ ಕೈ ಯಾವ ಕಾಲಕ್ಕೋ ಹೋಯ್ತು ಸಾ, ನಿಮ್ಮ ಮಿಷನ್ದೇನೂ ತಪ್ಪಿಲ್ಲ ಎಂದು.

ಹೋದ ಬೇಸಿಗೆಯಲ್ಲಿ ಮೊಮ್ಮಗಳು ಮೊಬೈಲ್ ಹಿಡಿದು ಬಂದಳು. ಹೊಸದಾಗಿ ಆಡುವವರ ಡಾರ್ಟ್ ಸೆಟ್ ತರಿಸಬೇಕಂತೆ, ಅದರಲ್ಲಿ ಬ್ಯಾರಲ್ ಎಷ್ಟೊಂದು ಬಗೆ, ಯಾವುದು ತಗೊಳ್ಳಲಿ ಅಜ್ಜಿ ಎಂದು ಚಿತ್ರಗಳನ್ನು ಸರಿಸಿ ಸರಿಸಿ ತೋರಿಸಿದಳು. ಮೊದಲು ನಿನ್ನ ಕೈ ತೋರಿಸು ಎಂದೆ. ಮಾತು ತಾನಾಗಿ ಬಂದುಬಿಟ್ಟಿತು. ಬೆರಳು ಸಣ್ಣದು, ಒಣಗಿದ್ದು, ಹಿಡಿತ ಮೆತ್ತಗೆ. ನೇರವಾದ, ತುಂಬ ಭಾರವಲ್ಲದ, ಸಣ್ಣ ಗೀರುಗಳಷ್ಟೇ ಇರುವ ಒಂದನ್ನು ತೋರಿಸಿದೆ. ಪಕ್ಕದ ಮಂಚದಲ್ಲಿ ಕೂತಿದ್ದ ಪುಟ್ಟತ್ತೆಯನ್ನೂ ಅವಳು ಕೇಳಿದಳು, ನಿಮಗೆ ಯಾವುದು ಬೇಕು ಮುತ್ತಜ್ಜಿ ಎಂದು. ನನ್ನ ಕೈಗೆ ಯಾವುದೂ ಬರುವುದಿಲ್ಲ ಕೂಸು ಎಂದು ಪುಟ್ಟತ್ತೆ ನಕ್ಕಳು. ಮಗು ಆಚೆ ಓಡಿತು. ನಾನು ಎದ್ದು ಫ್ಯಾನ್ ನಿಲ್ಲಿಸಿದೆ, ಅವಳ ಕಿವಿ ಈಗ ಮಂದ. ನೆಲದ ಮೇಲೆ ಅವಳ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದೆ. ತರಿ ಇರುವುದು ಯಾವುದು, ನುಣುಪಿನದು ಯಾವುದು, ಯಾವುದನ್ನು ಕರ್ಚೀಫಿನಲ್ಲಿ ಬಚ್ಚಿಟ್ಟೆ, ಯಾವುದನ್ನು ಕೊಟ್ಟೆ, ಯಾಕೆ ಕೊಟ್ಟೆ. ವಾಸನೆಯ ಮಾತನ್ನೂ ಬಿಡಲಿಲ್ಲ. ಮೂಗು ಹಿಡಿದ ಹುಡುಗಿಯ ಮಾತಿಗೆ ನಾನೇ ಮೊದಲು ನಕ್ಕದ್ದನ್ನೂ ಹೇಳಿದೆ.

ಪುಟ್ಟತ್ತೆ ನನ್ನ ಬಾಯಿಯನ್ನೇ ನೋಡುತ್ತ ಕೇಳಿಸಿಕೊಂಡಳು. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ, ಇಲ್ಲವೇ ಹೋಗಲಿ ಬಿಡು ಅನ್ನುತ್ತಾಳೆ ಎಂದು ಮೂರಕ್ಕೂ ನಾನು ಸಿದ್ಧಳಾಗಿದ್ದೆ. ಅವಳು ಮೂರನ್ನೂ ಮಾಡಲಿಲ್ಲ. ಬಲಗೈಯನ್ನು ತೊಡೆಯ ಮೇಲಿಟ್ಟು ಅಂಗೈ ಮೇಲಾಗಿ ತಿರುಗಿಸಿದಳು.

"ಅಂಗಾರ ಅವತ್ತು ನನ್ ಕೈ ಚೆನ್ನಾಗೇ ಇತ್ತಾ?"

"ಇತ್ತು ಅತ್ತೆ."

"ಗುರಿ ಇತ್ತಾ?"

"ಇತ್ತು."

ಅಷ್ಟೇ ಕೇಳಿದಳು. ನನ್ನ ವಿಷಯ ಒಂದು ಮಾತೂ ಕೇಳಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಕಾಫಿ ತಂದಿಟ್ಟಾಗ, ಸೆರಗು ಸುತ್ತಿ ಲೋಟ ಹಿಡಿಯುವ ಮೊದಲು, ಮತ್ತೆ ಅದನ್ನೇ ಕೇಳಿದಳು. ಮರೆತು ಕೇಳುತ್ತಿದ್ದಾಳೆಂದು ಮನೆಯವರು ಅಂದುಕೊಂಡಿದ್ದಾರೆ. ಮರೆವಲ್ಲ. ಅಂದಿನಿಂದ ಒಂದು ದಿನವೂ ಬಿಡದೆ ಕೇಳುತ್ತಾಳೆ. ನಾನು ಅವಳ ಮುಂದೆ ನಿಂತು, ಕಿವಿಗೆ ಕೇಳುವಷ್ಟು ಗಟ್ಟಿಯಾಗಿ, ದಿನವೂ ಹೇಳುತ್ತೇನೆ: ಇತ್ತು ಅತ್ತೆ, ನಿಮ್ಮ ಕೈ ಚೆನ್ನಾಗಿತ್ತು.